ಇಡ್ಕೊ, ಬುಡು

ಯಂತ್ರ ಮತ್ತೆ ಅಲ್ಲೇ ನಿಂತಿತು.

ತೇಗದ ಹಲಗೆಯ ಮೇಲೆ ಗಜಲಕ್ಷ್ಮಿ ಮೂಡಿದ್ದಳು. ಕಿರೀಟ, ಮೂಗುತಿ, ಕೈಯ ತಾವರೆ ಎಲ್ಲ ಬಂದಿತ್ತು. ಅಕ್ಕಪಕ್ಕದ ಆನೆಗಳು ಸೊಂಡಿಲೆತ್ತಿ ನೀರು ಹುಯ್ಯಲು ಸಿದ್ಧವಾಗಿದ್ದವು. ಕಣ್ಣು ಮಾತ್ರ ಯಾರಿಗೂ ಇರಲಿಲ್ಲ, ಆನೆಗಳಿಗೂ. ಕೆತ್ತುವ ತುದಿ ಮೇಲೆದ್ದು, ಪಾಳಿ ಮುಗಿದ ಗುಮಾಸ್ತನ ಹಾಗೆ ತನ್ನ ಮೂಲೆಗೆ ಹೋಗಿ ಕೂತಿತು. ಪಕ್ಕದ ಕಂಪ್ಯೂಟರಿನಲ್ಲಿ ಹಸಿರು ಅಕ್ಷರ ಬಂತು: ಕೆಲಸ ಮುಗಿಯಿತು.

"ಮುಗೀತಂತೆ!" ಪ್ರಸಾದ್ ಹಣೆ ಚಚ್ಚಿಕೊಂಡ. "ನೋಡಿ ಮೇಡಂ, ಇಂಗೇ ಆಡ್ತದೆ. ಕುರುಡು ಲಕ್ಷ್ಮೀನ ಯಾರ್ ಮನೆ ಬಾಗ್ಲಿಗ್ ಕೂರುಸ್ಲಿ?"

ಮೂಲೆಯಲ್ಲಿ ಚಾಪೆಯ ಮೇಲೆ ಕೂತು ಉಳಿ ಮಸೆಯುತ್ತಿದ್ದ ಅವನ ಅಪ್ಪ ಕಾಳಪ್ಪಾಚಾರ್ರಿಗೆ ಖುಷಿಯೋ ಖುಷಿ. "ಅದ್ಕೆ ನಿನ್ಗಿಂತ ಬುದ್ಧಿ ಅದೆ ಕಣ್ಲಾ. ಕಣ್ಣು ತೆರೆಯೋದು ಕಬ್ಬಿಣದ್ ಕೆಲ್ಸ ಅಲ್ಲ ಅಂತ ತಿಳ್ಕೊಂಡದೆ. ತತ್ತಾ ಇಲ್ಲಿ, ನಾನ್ ತೆರೀತೀನಿ."

"ಅಪ್ಪಾ, ಇಪ್ಪತ್ತು ಬಾಗ್ಲು ಆರ್ಡರ್ ಅದೆ. ಎಲ್ಲಾ ನೀನೇ ತೆರೀತಾ ಕೂತ್ಕೊಂಡ್ರೆ ಮುಂದಿನ್ ಉಗಾದಿ ಬತ್ತದೆ."

ನಾಗಮಂಗಲದ ಆ ಆಚಾರಿ ಮನೆಯ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದ ನಿಂಗರಾಜು ಇದನ್ನೆಲ್ಲ ಸಿನಿಮಾ ನೋಡುವವನ ಹಾಗೆ ನೋಡುತ್ತಿದ್ದ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣದ ದಾರಿಯಲ್ಲಿ ಅವನ ಹಾರ್ನಿಗೆ ಎದ್ದು ಪಕ್ಕಕ್ಕೆ ಹೋಗದ ಎಮ್ಮೆಯಿಲ್ಲ. ಈಗ ಓಡಿಸುವುದು ತಮ್ಮನ ಮಗಳು, ಪ್ರಸಾದನ 'ಮೇಡಂ' ಸಂಘಮಿತ್ರಾಳ ಸಣ್ಣ ಕಾರು.

ಸಂಘಮಿತ್ರಾಳ ಕೆಲಸವನ್ನು ಊರಿಗೆ ವಿವರಿಸುವುದೇ ಅವನಿಗೊಂದು ಕೆಲಸವಾಗಿತ್ತು. ಪಾಂಡವಪುರದಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ಅವಳು 'ಜಗಲಿ' ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಒಂದು ಮೂಲೆಯನ್ನು ನೋಡಿಕೊಳ್ಳುತ್ತಾಳೆ. ಮನೆಯ ಜಗಲಿಯ ಹಾಗೆಯೇ ಅದು. ಯಾರೂ ಬರಬಹುದು, ಯಾರೂ ಕೂರಬಹುದು, ಕೋಡು ತೆರೆದು ನೋಡಬಹುದು, ತಿದ್ದಿ ಕಳಿಸಬಹುದು. ತಿದ್ದಿದ್ದು ಸರಿಯಿದೆಯೇ ಎಂದು ನೋಡಿ ಒಪ್ಪುವವರು ಪ್ರತಿ ಮೂಲೆಗೊಬ್ಬರಿದ್ದಾರೆ. ಕೆತ್ತನೆ ಯಂತ್ರಗಳ ಡ್ರೈವರ್ ಇರುವ ಮೂಲೆ ಸಂಘಮಿತ್ರಾಳದು. ಡ್ರೈವರ್ ಎಂದರೆ ಕಂಪ್ಯೂಟರ್ ಹೇಳಿದ್ದನ್ನು ಯಂತ್ರಕ್ಕೆ ತಿಳಿಯುವಂತೆ ದಾಟಿಸುವ ಪ್ರೋಗ್ರಾಮು.

"ಒಬ್ರು ಹೇಳಿದ್ನ ಇನ್ನೊಬ್ರಿಗೆ ದಾಟ್ಸೋನು ಕಂಡಕ್ಟ್ರು," ಎಂದು ನಿಂಗರಾಜುವಿನ ತಕರಾರು ಮೊದಲಿಂದ ಇತ್ತು. "ಅವ್ನು ಸೀಟಿ ಊದಿದ್ರೆ ಬಸ್ಸು ನಿಲ್ತದೆ. ಅದ್ಕೆ ಡ್ರೈವರ್ ಅಂತ ಹೆಸ್ರಿಟ್ಟೋನು ಬಸ್ ಅತ್ತಿದೋನೇ ಅಲ್ಲ."

ಹೋದ ವಾರ ಜಗಲಿಯ ಎಲ್ಲರಿಗೂ ಗೊತ್ತಾದದ್ದಿಷ್ಟು: ಹಳೆಯ ಕೆತ್ತನೆ ಯಂತ್ರಗಳ ಡ್ರೈವರನ್ನು ಪೂರ್ತಿ ಹೊಸದಾಗಿ ಬರೆದುಕೊಟ್ಟ ಎಸ್ಟೋನಿಯಾದ ಲಿಯಾ ಎಂಬಾಕೆ ಎಸ್ಟೋನಿಯಾದಲ್ಲೇ ಇಲ್ಲ.

ಜಗಲಿಯಲ್ಲಿ ನಿಯಮ ಒಂದೇ. ಬರೆದವರು ನಿಜವಾದ ಹೆಸರು ಹಾಕಿ, ಇದು ನನ್ನದೇ ಎಂದು ಸಹಿ ಮಾಡಬೇಕು. ನಾಳೆ ಭಾನುವಾರ ಸಂಜೆಯೊಳಗೆ ಬರೆದವರು ಎದುರು ಬರದಿದ್ದರೆ ಆ ಡ್ರೈವರನ್ನೇ ಕಿತ್ತು ಹಾಕುತ್ತಾರೆ. ಹಳೆಯದನ್ನು ಮತ್ತೆ ಹಾಕೋಣವೆಂದರೆ ಹೊಸ ಜಗಲಿಗೆ ಅದು ಹೊಂದುವುದಿಲ್ಲ. ಆಮೇಲೆ ಪ್ರಸಾದನ ಯಂತ್ರ, ಅಂಥವೇ ಊರೂರಿನ ಯಂತ್ರ, ಎಲ್ಲ ಗುಜರಿಗೆ.

ಬರೆದವರು ಇಂಥ ಯಂತ್ರದ ಹತ್ತಿರದವರೇ ಇರಬೇಕೆಂದು ಇಬ್ಬರೂ ಹುಡುಕಲು ಹೊರಟು, ಬೆಳಿಗ್ಗೆ ಕೆ.ಆರ್. ಪೇಟೆಯಲ್ಲಿ ಹಳೇ ಯಂತ್ರ ಮಾರುವ ಚಿಕ್ಕಸ್ವಾಮಿಯನ್ನು ಕೇಳಿ ಬಂದಿದ್ದರು. "ಈ ಯಂತ್ರದ ಡ್ರೈವರ್ ಯಾರದ್ದು ಗೊತ್ತಾ?" ಎಂದದ್ದಕ್ಕೆ ಅವನು, "ಡ್ರೈವರ್ ಬೇಕಾ? ಸಿಂಧಘಟ್ಟದ ಚಲುವರಾಜು ಅವ್ನೆ. ಕುಡಿಯಾಕಿಲ್ಲ, ಹೆವಿ ಲೈಸೆನ್ಸ್ ಅದೆ," ಎಂದು ನಂಬರು ಕೊಟ್ಟಿದ್ದ. ನಿಂಗರಾಜು ನಂಬರನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡಿದ್ದ. ಕುಡಿಯದ ಡ್ರೈವರು ಸಿಗುವುದು ಸುಲಭವಲ್ಲ.

ಈಗ ಸಂಘಮಿತ್ರಾ ಕುರುಡು ಲಕ್ಷ್ಮಿಯ ಮೇಲೆ ಬಗ್ಗಿ ನಿಂತಿದ್ದಳು. ಬೆರಳಿನಿಂದ ರೆಪ್ಪೆಯ ಜಾಗವನ್ನು ಮುಟ್ಟಿ ನೋಡಿದಳು.

"ಪ್ರಸಾದ್, ಚಿತ್ರ ಬರೆಯುವಾಗ ಕಣ್ಣು ಯಾವಾಗ ಬರೀತೀರಿ?"

"ಕೊನೇಗೆ."

"ಯಾವಾಗ್ಲೂ?"

"ಯಾವಾಗ್ಲೂ. ನಮ್ಮಲ್ಲಿ ಕಣ್ಣು ಮೊದ್ಲು ಬರುದ್ರೆ ತಾತ ಕೈಗೆ ಒಡೀತಿದ್ರಂತೆ. ಎಲ್ಲಾ ಆದ್ಮೇಲೆ, ಸ್ನಾನ ಮಾಡಿ, ಕಣ್ಣು ತೆರೆಯೋದು. ಕಂಪ್ಯೂಟರ್‌ನಾಗೂ ಅಂಗೇ ಬಂದ್ಬುಟ್ಟದೆ ಕೈಗೆ."

"ಒಂದು ಗಿಳಿ ಬರೀರಿ. ಕಣ್ಣು ಮೊದಲು. ಬಾಲ ಕೊನೇಗೆ."

ಪ್ರಸಾದ್ ಅಪ್ಪನ ಕಡೆ ಕಳ್ಳನೋಟ ಬೀರಿ, ಸ್ನಾನ ಮಾಡದೆ, ಮೊದಲಿಗೆ ಕಣ್ಣು ಬರೆದ. ಯಂತ್ರ ಗುಂಯ್ ಎಂದಿತು. ಮರದ ಪುಡಿ ಹಾರಿ ನಿಂಗರಾಜುವಿನ ಮೀಸೆಯ ಮೇಲೆ ಕೂತಿತು. ಕೊನೆಗೆ ತುದಿ ಮೇಲೆದ್ದಾಗ ಹೊಸ ಹಲಗೆಯಲ್ಲಿ ಒಂದು ಗಿಳಿ ಅವರೆಲ್ಲರನ್ನೂ ದಿಟ್ಟಿಸಿ ನೋಡುತ್ತಿತ್ತು. ಚೂಪು ಕಣ್ಣು, ಚಂದದ ಕೊಕ್ಕು. ಬಾಲ ಇಲ್ಲ.

"ಕೋಳಿಮರಿ ಆಗೋಯ್ತಲ್ಲಪ್ಪ!" ಎಂದು ನಿಂಗರಾಜು ಬೆಂಚು ತಟ್ಟಿ ನಕ್ಕ.

ಸಂಘಮಿತ್ರಾ ನಗಲಿಲ್ಲ. ಅವಳ ಮುಖದಲ್ಲಿ ಬೇರೆಯೇ ಬೆಳಕು. "ದೊಡ್ಡಪ್ಪ, ಇದಕ್ಕೆ ಕಣ್ಣು ಯಾವುದು, ಬಾಲ ಯಾವುದು ಗೊತ್ತೇ ಇಲ್ಲ. ಕೊನೆಯ ಭಾಗ ಯಾವುದೋ ಅದನ್ನು ಬಿಟ್ಟುಬಿಡತ್ತೆ, ಅಷ್ಟೆ. ಪೋರ್ಚುಗಲ್‌ನಲ್ಲಿ ಒಬ್ಬ ಹೋಟೆಲಿಗೆ ಬೋರ್ಡು ಕೆತ್ತಿದ್ರೆ ಕೊನೇ ಅಕ್ಷರ ಇಲ್ಲವಂತೆ. ಅವನು ಬೈದು ಬರೆದಿದ್ದಾನೆ. ಎಲ್ಲರಿಗೂ ಇದು ತಪ್ಪು. ಆದರೆ ಕೊನೇದು ಅಂದರೆ ಕಣ್ಣೇ ಅಂತ ಬೆಳೆದ ಮನೆಯಲ್ಲಿ?"

"ಅಲ್ಲಿ ಅದು ಮರ್ಯಾದೆ," ಎಂದರು ಕಾಳಪ್ಪಾಚಾರ್ರು ಮೂಲೆಯಿಂದ, ತಲೆ ಎತ್ತದೆ.

"ಅಂದ್ರೆ ನಮ್ ಮನೆಯೋರ್ ಮೇಲೇ ಅನುಮಾನವಾ ಮೇಡಂ?" ಪ್ರಸಾದನ ದನಿ ಸಣ್ಣಗಾಯಿತು. "ನಂಗೆ ಚಿತ್ರ ಬರೆಯಾಕ್ ಬತ್ತದೆ. ಕೋಡು ಗೀಡು ಬರಾಕಿಲ್ಲ. ಯಂತ್ರ ಕೆಟ್ರೆ ಆಫ್ ಮಾಡಿ ಆನ್ ಮಾಡ್ತೀನಿ. ಅದ್ಕೂ ಬಗ್ಗಿಲ್ಲ ಅಂದ್ರೆ ಕಾಯಿ ಒಡೀತೀನಿ."

"ಅದು ನಂಗೂ ಗೊತ್ತು," ಎಂದಳು ಸಂಘಮಿತ್ರಾ. ಹಲಗೆಯ ಚೂರೊಂದನ್ನು ಎತ್ತಿಕೊಂಡು, ಬಡಗಿಯ ಪೆನ್ಸಿಲಿನಿಂದ ಮೂರು ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಳು. "ಲಿಯಾ ತನ್ನ ಕೋಡಿನಲ್ಲಿ ಮೂರು ಕೆಲಸಕ್ಕೆ ಇಟ್ಟಿರುವ ಹೆಸರು ಇವು. ಬೇರೆ ಯಾರೂ ಯಂತ್ರಕ್ಕೆ ಆಜ್ಞೆ ಕೊಡದ ಹಾಗೆ ತಡೆಯುವುದಕ್ಕೆ ಒಂದು. ಯಂತ್ರದ ಕೆಲಸ ಆಯಿತೇ ಅಂತ ಕೇಳುವುದಕ್ಕೆ ಒಂದು. ಆದ ಮೇಲೆ ತಡೆ ತೆಗೆಯುವುದಕ್ಕೆ ಒಂದು. ಎಸ್ಟೋನಿಯಾದ ಪದ ಇರಬೇಕು ಅಂತ ಎಲ್ಲರೂ ಒಪ್ಪಿಕೊಂಡರು. ನಾನೂ."

ಪ್ರಸಾದ್ ಕಣ್ಣು ಕಿರಿದು ಮಾಡಿ ಓದಲು ಹೊರಟ. ಅಷ್ಟರಲ್ಲಿ ಮೂಲೆಯಿಂದ ಅಪ್ಪನ ಕೂಗು ಬಂತು.

"ಲೇ ಪ್ರಸಾದಾ, ಬಾರ್ಲಾ ಇಲ್ಲಿ! ಈ ತೊಲೆ ಎತ್ತು!"

ಪ್ರಸಾದ್ ಓಡಿದ. ಅಪ್ಪ ಮಗ ಇಬ್ಬರೂ ಹಲಸಿನ ತೊಲೆಯೊಂದರ ಎರಡು ತುದಿ ಹಿಡಿದು ಕಟ್ಟೆಯ ಮೇಲಕ್ಕೆ ಎತ್ತಿದರು. ಕಾಳಪ್ಪಾಚಾರ್ರು ತೊಲೆಯ ಕೆಳಗೆ ಬೆಣೆ ಹೊಡೆಯುತ್ತ, ಬೀದಿಯ ಕೊನೆಗೂ ಕೇಳುವ ಹಾಗೆ ಕೂಗಿದರು.

"ಇಡ್ಕೊ! ಇಡ್ಕೊ! ಆಯ್ತೇನ್ಲಾ? ಆಯ್ತೇನ್ಲಾ? ಆಂ, ಬುಡು!"

ತೊಲೆ ಧೊಪ್ಪೆಂದು ಕೂತಿತು.

ಸಂಘಮಿತ್ರಾಳ ಕೈಯ ಪೆನ್ಸಿಲೂ ಕೆಳಗೆ ಬಿತ್ತು. ನಿಂಗರಾಜು ಎದ್ದು ಬಂದು ಹಲಗೆಯ ಚೂರನ್ನು ದೂರ ಹಿಡಿದು, ಶಾಲೆಯ ಮಗುವಿನ ಹಾಗೆ ಅಕ್ಷರ ಕೂಡಿಸಿ ಓದಿದ. ಇಡ್ಕೊ. ಆಯ್ತೇನ್ಲಾ. ಬುಡು.

"ಲೇ ಅಮ್ಮಿ," ಎಂದ ಅವನು ಪಿಸುದನಿಯಲ್ಲಿ. "ನಿಮ್ ಜಗಲಿ ಜನವೆಲ್ಲಾ ಲೋಕದ್ ತುಂಬಾ ಯಂತ್ರಗೋಳ್ನ 'ಆಯ್ತೇನ್ಲಾ' ಅಂತ ಕೇಳ್ತಾವ್ರಾ?"

"ಕ್ಷಣಕ್ಕೆ ಸಾವಿರ ಸಲ," ಎಂದಳು ಅವಳು. "ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಮಾತು ದೊಡ್ಡಪ್ಪ. ಅದಕ್ಕೇ ಕಣ್ಣಿಗೆ ಬೀಳಲಿಲ್ಲ."

ಬೀದಿಯಲ್ಲಿ ಚಪ್ಪಲಿಯ ಸದ್ದಾಯಿತು. ಒಳಗೆ ಬಂದವಳು ಹರ್ಷಿತ, ಪ್ರಸಾದನ ಹೆಂಡತಿ. ಶ್ರೀರಂಗಪಟ್ಟಣದ ಹತ್ತಿರ ಹೊಸ ಕೆತ್ತನೆ ಯಂತ್ರಗಳನ್ನು ಮಾರುವ ಕಂಪನಿಯೊಂದರಲ್ಲಿ ಇಂಜಿನಿಯರು. ಶನಿವಾರ ಅರ್ಧ ದಿನ. ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಕೈಯಲ್ಲಿ ಪಾಲಹಳ್ಳಿಯ ಕಬ್ಬಿನ ಜಲ್ಲೆ, ಮಾವನಿಗೆಂದು ತಂದದ್ದು.

ಅವಳು ಮೊದಲು ಬಾಲವಿಲ್ಲದ ಗಿಳಿಯನ್ನು ನೋಡಿದಳು. ಆಮೇಲೆ ಹಲಗೆಯ ಚೂರನ್ನು. ಆಮೇಲೆ ಸಂಘಮಿತ್ರಾಳನ್ನು.

"ನಮಸ್ಕಾರ ಲಿಯಾ," ಎಂದಳು ಸಂಘಮಿತ್ರಾ.

"ಯಾವ ಲಿಯಾ? ನಾನು ಹರ್ಷಿತ."

"ಎಸ್ಟೋನಿಯಾದವರು. ಕನ್ನಡ ಚೆನ್ನಾಗಿ ಮಾತಾಡ್ತೀರಿ."

"ನೀವು ಮಾತಾಡ್ತಿರೋದು ನಂಗೇನೂ ಅರ್ಥ ಆಗ್ತಿಲ್ಲ." ಹರ್ಷಿತ ಕಬ್ಬಿನ ಜಲ್ಲೆಯನ್ನು ಗೋಡೆಗೆ ಒರಗಿಸಲು ಹೋದಳು. ಅದು ಜಾರಿ ಬಿತ್ತು. ಮತ್ತೆ ಒರಗಿಸಿದಳು. ಮತ್ತೆ ಬಿತ್ತು.

"ಇಡ್ಕೊ, ಬುಡು ಅನ್ನೋರು ಮಂಡ್ಯ ಜಿಲ್ಲೆ ಪೂರ್ತಿ ಇದ್ದಾರೆ," ಎಂದಳು ಸಂಘಮಿತ್ರಾ. "ಆದರೆ ಹಿಡಿದುಕೊಂಡ ಮೇಲೆ, ಬಿಡೋಕೆ ಮುಂಚೆ, ನಡುವೆ 'ಆಯ್ತೇನ್ಲಾ' ಅಂತ ಎರಡು ಸಲ ಕೇಳೋ ಮನೆ ಇದೊಂದೇ. ನಿಮ್ಮ ಕೋಡೂ ಎರಡು ಸಲ ಕೇಳತ್ತೆ. ಯಾಕೆ ಎರಡು ಸಲ ಅಂತ ನಾನು ಲಿಯಾಗೆ ಬರೆದು ಕೇಳಿದ್ದೆ. ಒಂದು ಸಲಕ್ಕೆ ಯಾರೂ ನಿಜ ಹೇಳಲ್ಲ ಅಂತ ಉತ್ತರ ಬಂತು."

ಹರ್ಷಿತ ತುಟಿ ಕಚ್ಚಿ ಹಿಡಿದಳು. ಹಿಡಿದದ್ದು ನಿಲ್ಲಲಿಲ್ಲ. ನಗು ಬುಳಕ್ಕನೆ ಹೊರಗೆ ಬಂತು.

"ಮಾವ ದಿನಾ ಕೇಳೋದು, ಇವರು ದಿನಾ 'ಆಯ್ತು' ಅಂತ ಸುಳ್ಳು ಹೇಳೋದು. ಎರಡನೇ ಸಲಕ್ಕೇ ನಿಜ ಬರೋದು." ಅವಳು ಗುರುತಿನ ಚೀಟಿಯನ್ನು ಕಳಚಿ ಮೇಜಿನ ಮೇಲಿಟ್ಟಳು. "ಹೂಂ. ನಾನೇ ಬರೆದೆ."

ಪ್ರಸಾದನ ಬಾಯಿ ತೆರೆದೇ ಇತ್ತು. "ನೀನಾ? ಮತ್ತೆ ಯಂತ್ರ ಅಲ್ಲಾಡೋದು ನಿಂತಿದ್ದು? ನಾನ್ ಕಾಯಿ ಒಡ್ದಿದ್ದಕ್ಕೆ ಅಲ್ವಾ?"

"ಕಾಯಿ ಚಟ್ನಿಗೆ ಆಯ್ತಲ್ಲ, ಬಿಡಿ."

"ಇಷ್ಟ್ ದಿನ ನಂಗೆ ಒಂದ್ ಮಾತು..."

"ನಿಮಗೆ ಹೇಳಿದ್ರೆ ಸಂಜೆ ಒಳಗೆ ಬಸ್ ಸ್ಟ್ಯಾಂಡಿಗೆ ಗೊತ್ತಾಗತ್ತೆ."

ಮತ್ತೆ ಬೆಂಚಿಗೆ ಹೋಗಿ ಕೂತಿದ್ದ ನಿಂಗರಾಜು ತಲೆಯಾಡಿಸಿದ. ಬಸ್ ಸ್ಟ್ಯಾಂಡಿನ ವಿಷಯ ಅವನಿಗೆ ಗೊತ್ತಿತ್ತು.

"ನಮ್ಮ ಕಂಪನಿ ಹೊಸ ಯಂತ್ರ ಮಾರತ್ತೆ," ಹರ್ಷಿತ ಈಗ ಸಂಘಮಿತ್ರಾಳನ್ನೇ ನೋಡಿ ಹೇಳಿದಳು. "ಹಳೇದು ಕೆಟ್ಟರೇ ಹೊಸದು ಹೋಗೋದು. ಅಲ್ಲಿ ಕೂತುಕೊಂಡು ಹಳೇ ಯಂತ್ರಕ್ಕೆ ಜೀವ ಕೊಡ್ತಿದ್ದಾಳೆ ಅಂತ ಗೊತ್ತಾದ್ರೆ ಮಾರನೇ ದಿನ ಗೇಟಲ್ಲೇ ತಡೀತಾರೆ. ಅದಕ್ಕೆ ಲಿಯಾ ಆದೆ. ಗೋಡೆ ಮೇಲೆ ಭೂಪಟ ಇತ್ತು, ದೂರದ ಸಣ್ಣ ದೇಶ ಒಂದು ಆರಿಸಿಕೊಂಡೆ."

"ಈಗ ಹರ್ಷಿತ ಆಗಬೇಕು. ನಾಳೆ ಸಂಜೆಯೊಳಗೆ. ಇಲ್ಲದಿದ್ದರೆ ಡ್ರೈವರ್ ಕಿತ್ತು ಹಾಕ್ತಾರೆ."

"ಗೊತ್ತು."

"ಕೆಲ್ಸ ಓದ್ರೆ ಓಗ್ಲಿ ಬುಡು ಹರ್ಷಿ," ಎಂದ ಪ್ರಸಾದ್ ಉದಾರವಾಗಿ.

"ಹೋಗೋದು ನಿಮ್ಮ ಕೆಲಸ ಅಲ್ಲ, ನಂದು. ಬಿಡು ಅನ್ನೋದು ನಾನು." ಅವಳು ಯಂತ್ರದ ಬಳಿಗೆ ಹೋದಳು. ಅದರ ಬೆನ್ನ ಮೇಲಿನ ಪುಡಿಯನ್ನು ಸೆರಗಿನಿಂದ ಒರೆಸಿದಳು, ಹಟ್ಟಿಯ ಹಸುವಿನ ಮೈ ಸವರಿದ ಹಾಗೆ.

"ಸಹಿ ಹಾಕ್ತೀನಿ," ಎಂದಳು. "ಇವತ್ತೇ ಹಾಕ್ತೀನಿ. ಆದರೆ ನಾನು ಬರೆದದ್ದಕ್ಕೆ ಮಾತ್ರ. ಕಣ್ಣು ಬಿಟ್ಟುಬಿಡೋ ತಪ್ಪು ನಂದಲ್ಲ."

"ಅಂದರೆ?"

"ಕೊನೇ ಭಾಗ ಕೆತ್ತಬೇಡ ಅನ್ನೋ ಆ ಎರಡು ಸಾಲು. ನಾನು ಕಳಿಸಿದ ಕೋಡಿನಲ್ಲಿ ಅವು ಇರಲೇ ಇಲ್ಲ. ನೀವು ಒಪ್ಪಿಗೆ ಕೊಟ್ಟ ಮೇಲೆ ನೋಡಿದರೆ ಇದ್ದವು. ನೀವೇ ಸೇರಿಸಿದಿರಿ, ಏನೋ ಕಾರಣ ಇರಬೇಕು ಅಂದ್ಕೊಂಡೆ. ಎಸ್ಟೋನಿಯಾದವಳು ಜಾಸ್ತಿ ಪ್ರಶ್ನೆ ಕೇಳಬಾರದು ಅಂತ ಸುಮ್ಮನಿದ್ದೆ."

"ನಾನು ಸೇರಿಸಿಲ್ಲ," ಎಂದಳು ಸಂಘಮಿತ್ರಾ.

ಬೇಗ ಹೇಳಿದಳು. ಬಸ್ಸಿನಲ್ಲಿ ಟಿಕೆಟ್ ಇಲ್ಲದವರು 'ತಗೊಂಡೆ' ಎನ್ನುವಷ್ಟು ಬೇಗ. ನಿಂಗರಾಜು ಅತ್ತ ತಿರುಗಿ ನೋಡಿದ, ಅವಳು ಆಗಲೇ ಹರ್ಷಿತಳ ಕೈಗೆ ಕೀಬೋರ್ಡು ಕೊಡುತ್ತಿದ್ದಳು. "ಮೊದಲು ನಿಮ್ಮ ಸಹಿ ಆಗಲಿ. ಆ ಎರಡು ಸಾಲಿನ ಕಳ್ಳನನ್ನು ಆಮೇಲೆ ಹಿಡಿಯೋಣ."

ಹರ್ಷಿತ ಕೂತಳು. ಜಗಲಿಯ ಪುಟ ತೆರೆದಳು. ಸಂಘಮಿತ್ರಾ ಬಂದು ಬೆಂಚಿನ ಮೇಲೆ ದೊಡ್ಡಪ್ಪನ ಪಕ್ಕ ಕೂತು ಫೋನಿನ ಮೇಲೆ ಬೆರಳಾಡಿಸತೊಡಗಿದಳು. ಹರ್ಷಿತ ಹೆಸರಿನ ಜಾಗದಲ್ಲಿ ಮೊದಲ ಅಕ್ಷರ ಒತ್ತಿದಳು.

ಕಂಪ್ಯೂಟರ್ ಟಿಣ್ ಎಂದಿತು.

ಜಗಲಿಯ ಎಲ್ಲರಿಗೂ ಈಗಷ್ಟೇ ಒಂದು ಪತ್ರ ಬಂದಿತ್ತು. ಹರ್ಷಿತ ಅದನ್ನು ಓದುತ್ತ ಓದುತ್ತ ಬಿಳಿಚಿಕೊಂಡಳು. ಆಮೇಲೆ ಜೋರಾಗಿ, ಇಂಗ್ಲಿಷಿನಿಂದ ಕನ್ನಡ ಮಾಡಿ ಹೇಳಿದಳು: "'ಲಿಯಾ ಎಂಬ ಹೆಸರಿನಲ್ಲಿ ಬರೆದವನು ನಾನೇ. ಇಗೋ ನನ್ನ ನಿಜವಾದ ಹೆಸರಿನಲ್ಲಿ ಸಹಿ ಮಾಡುತ್ತಿದ್ದೇನೆ. ಒಂದೇ ಷರತ್ತು. ಕೊನೆಯ ಭಾಗ ಕೆತ್ತದಿರುವ ಆ ಎರಡು ಸಾಲನ್ನು ಯಾರೂ ಮುಟ್ಟಕೂಡದು. ಇಂತಿ, ಕಾಳಪ್ಪ, ನಾಗಮಂಗಲ.'"

ನಾಲ್ಕು ತಲೆಗಳು ಒಟ್ಟಿಗೆ ಮೂಲೆಯ ಕಡೆ ತಿರುಗಿದವು.

ಕಾಳಪ್ಪಾಚಾರ್ರು ಚಾಪೆಯ ಮೇಲೆ ಕೂತು, ಕುರುಡು ಲಕ್ಷ್ಮಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಕೊಡತಿ ಹಿಡಿದಿದ್ದರು. "ಏನು? ನನ್ ಹೆಸ್ರು ಯಾಕ್ ಬಂತು? ನಂಗೆ ಆ ಡಬ್ಬದ್ ಮುಚ್ಚಳ ತೆಗೆಯಾಕೂ ಬರಾಕಿಲ್ಲ."

"ಇಬ್ಬರು ನಾನೇ ಬರೆದದ್ದು ಅಂದರೆ?" ಹರ್ಷಿತ ಸಂಘಮಿತ್ರಾಳನ್ನು ಕೇಳಿದಳು.

"ಜಗಳ ಬಿದ್ದ ಕೋಡನ್ನ ಜಗಲಿ ಇಟ್ಟುಕೊಳ್ಳಲ್ಲ. ನಾಳೆವರೆಗೂ ಕಾಯಲ್ಲ. ಕಿತ್ತು ಹಾಕ್ತಾರೆ."

"ಇನ್ನೂ ಅದೆ ನೋಡ್ರಿ ಕೆಳಗೆ," ಪ್ರಸಾದ್ ಪರದೆಗೆ ಬೆರಳು ತೋರಿಸಿದ. "ಇದು ಇಂಗ್ಲಿಸ್ ಅಕ್ಷರ್ದಾಗೆ ಕನ್ನಡ. 'ಕೊನೇ ಪೆಟ್ಟು ಕೈಯದು. ಉಳಿದದ್ದೆಲ್ಲ ಉಳಿಯದು.'" ಅವನು ಎರಡು ಹೆಜ್ಜೆ ಹಿಂದೆ ಸರಿದ. "ಲೇ! ಉಳ್ದಿದ್ದು ಯಾವ್ದೂ ಉಳಿಯಾಕಿಲ್ಲ ಅಂತವ್ನೆ! ಬೆದರ್ಕೆ ಕಣ್ರೀ ಇದು! ಯಂತ್ರಾನೇ ಸುಟ್ಬುಡ್ತಾನೋ ಏನೋ!"

"ಪೊಲೀಸಿಗೆ ಹೇಳೋಣ್ವಾ?" ಎಂದಳು ಹರ್ಷಿತ.

"ಇನ್ನೊಂದ್ ಸಾರಿ ಓದ್ಲಾ," ಎಂದರು ಕಾಳಪ್ಪಾಚಾರ್ರು.

ಪ್ರಸಾದ್ ಮತ್ತೆ ಓದಿದ.

ಮುದುಕರು ಕೊಡತಿ ಕೆಳಗಿಟ್ಟರು. ಉಳಿಯನ್ನು ಮೇಲೆತ್ತಿ ಮಗನ ಮೂಗಿನ ಮುಂದೆ ಅಲ್ಲಾಡಿಸಿದರು. "ಉಳಿಯದು ಅಂದ್ರೆ ಉಳೀದು ಕಣ್ಲಾ, ಬೆಪ್ಪೆ! ಈ ಉಳೀದು! ಕೊನೇ ಪೆಟ್ಟು ಕೈದು, ಮಿಕ್ಕಿದ್ದೆಲ್ಲಾ ಉಳೀದು. ಆಚಾರಿ ಮನೇಲುಟ್ಟಿ ಉಳಿಗೇ ಎದುರ್ಕತಾನೆ, ನೋಡು."

ಎಲ್ಲರಿಗೂ ನಗು ಬಂತು. ಪ್ರಸಾದನಿಗೂ. ಮುದುಕರು ಮಾತ್ರ ನಗಲಿಲ್ಲ. ಉಳಿ ಅವರ ಕೈಯಲ್ಲಿ ಮೇಲೆತ್ತಿದ ಹಾಗೇ ನಿಂತಿತ್ತು.

"ಆದ್ರೆ ಇದು ನನ್ ಮಾತು," ಎಂದರು ನಿಧಾನಕ್ಕೆ. "ಯಾವ ಶಾಸ್ತ್ರದ್ದೂ ಅಲ್ಲ. ನಾನೇ ಕಟ್ಟಿದ್ದು. ಯಾವತ್ತೋ ಒಂದಿನ ಅಮ್ಮನೋರ ಮುಖ ತೊಡೆ ಮೇಲಿಟ್ಕೊಂಡು ಪಾಂಡವಪುರದ್ ಬಸ್ಸಾಗೆ ಓಗ್ತಿದ್ದೆ. ಕಣ್ಣು ಯಾಕಿಲ್ಲ ಅಂತ ಕೇಳುದ್ರು. ತಟ್ಟಂತ ಬಾಯಿಗ್ ಬಂತು, ಏಳ್ದೆ. ಮನೇಲಿ ಯಾರಿಗೂ ಏಳಿಲ್ಲ. ಇವನ್ಗೂ ಏಳಿಲ್ಲ. ಈ ಮಾತ ನನ್ ಬಾಯಿಂದ ಕೇಳ್ದೋರು ಒಬ್ರೇ."

ಅವರು ಬೆಂಚಿನ ಕಡೆ ತಿರುಗಿದರು.

"ಡ್ರೈವರಣ್ಣ, ನೀವು ಯಾರ್ಗ್ ಏಳುದ್ರಿ?"

ನಿಂಗರಾಜುವಿಗೆ ಆ ದಿನ ಚೆನ್ನಾಗಿ ನೆನಪಿತ್ತು. ಮಾತು ಎಷ್ಟು ಹಿಡಿಸಿತ್ತೆಂದರೆ ದಾರಿಯುದ್ದಕ್ಕೂ ಗುನುಗುತ್ತ ಬಸ್ಸು ಓಡಿಸಿದ್ದ. ಮನೆಗೆ ಹೋದವನೇ ಹೇಳಿದ್ದ. ಒಬ್ಬರಿಗೇ. ಹೆಂಡತಿ ತವರಿಗೆ ಹೋಗಿದ್ದಳು, ತಮ್ಮ ಗದ್ದೆಯಲ್ಲಿದ್ದ. ಮನೆಯಲ್ಲಿದ್ದದ್ದು ಎರಡು ಜಡೆಯ ಒಂದು ಹುಡುಗಿ, ಹಾಳಾದ ರೇಡಿಯೋವೊಂದನ್ನು ಬಿಚ್ಚಿ ಹರಡಿಕೊಂಡು ಕೂತಿದ್ದಳು. ಅವಳು ಆ ಮಾತನ್ನು ಕೇಳಿ ಚಪ್ಪಾಳೆ ತಟ್ಟಿ, ಇನ್ನೊಂದು ಸಲ ಹೇಳು ಅಂದಿದ್ದಳು.

ಅವಳ ಹೆಸರು ಈಗ ಬಾಯಿಂದ ಬಿದ್ದರೆ ಜಗಲಿಯಲ್ಲಿ ಅವಳ ಮಾತಿಗೆ ಬೆಲೆಯಿಲ್ಲ, ಅವಳು ಒಪ್ಪಿದ ಡ್ರೈವರೂ ಉಳಿಯುವುದಿಲ್ಲ. ಬೀಳದಿದ್ದರೆ ಆಚಾರ್ರ ಹೆಸರಿನಲ್ಲಿ ಒಂದು ಸುಳ್ಳು ಲೋಕವೆಲ್ಲ ತಿರುಗುತ್ತದೆ, ಕೆಲಸವನ್ನೇ ಪಣಕ್ಕಿಡಲು ಹೊರಟ ಹರ್ಷಿತಳ ಸಹಿ ಅರ್ಧಕ್ಕೇ ನಿಲ್ಲುತ್ತದೆ.

"ಯಾರ್ಗೂ ಏಳ್ಳಿಲ್ವಾ?" ಕಾಳಪ್ಪಾಚಾರ್ರು ಮತ್ತೆ ಕೇಳಿದರು. ಎರಡನೇ ಸಲ.

ನಿಂಗರಾಜು ಬಾಯಿ ತೆರೆದ.

ಬೆಂಚಿನ ಕೆಳಗೆ ಒಂದು ಕಾಲು ಬಂದು ಅವನ ಕಾಲನ್ನು ಗಟ್ಟಿಯಾಗಿ ಒತ್ತಿತು. ಅವನು ತಿರುಗಿ ನೋಡಿದ. ಸಂಘಮಿತ್ರಾ ಗಿಳಿಯನ್ನು ನೋಡುತ್ತ, ಏನೂ ಆಗಿಲ್ಲವೆಂಬಂತೆ ನಗುತ್ತಿದ್ದಳು.